ಬಂಡೆಯ ನೀರು ಕುಡಿದು ಬೆಳೆದ ಕಾಡು

ಮಾಗಡಿಯಿಂದ ಸಾವನದುರ್ಗದ ಕಡೆಗೆ ಹೋಗುವ ರಸ್ತೆಯಲ್ಲಿ, ಅಲ್ಲಿಯವರೆಗೆ ರಾಗಿ ಹೊಲಗಳ ಆಚೆಗೆ, ಮಾವಿನ ತೋಪು ಮತ್ತು ಹುಣಸೆಮರಗಳ ಸಂದಿನಲ್ಲಿ ಚೂರುಚೂರಾಗಿ ಇಣುಕುತ್ತಿದ್ದ ಬೆಟ್ಟವು ಒಂದು ತಿರುವಿನಲ್ಲಿ ಇಡಿಯಾಗಿ ಎದುರು ನಿಲ್ಲುತ್ತದೆ. ಆ ತಿರುವಿನಲ್ಲಿ ಬೈಕು ನಿಲ್ಲಿಸಿ ಫೋಟೊ ತೆಗೆದುಕೊಳ್ಳದವರು ಕಡಿಮೆ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ, ಹೆಚ್ಚೂಕಡಿಮೆ ಒಂದೇ ಕಲ್ಲಿನಂತೆ ಕಾಣುವ ಈ ಬೆಟ್ಟವನ್ನು ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಎಲ್ಲರೂ ಹೇಳುತ್ತಾರೆ. ಆದರೆ ಅದೇ ಫೋಟೊದ ಕೆಳಗಿನ ಅಂಚಿನಲ್ಲಿ, ಬಂಡೆ ನೆಲಕ್ಕೆ ತಾಗುವ ಜಾಗದಲ್ಲಿ, ಒಂದು ಕಡುಹಸಿರು ಪಟ್ಟಿ ಕಾಣುತ್ತದೆ. ಸುತ್ತಲಿನ ಕುರುಚಲು ಕಾಡು ಬೇಸಿಗೆಯಲ್ಲಿ ಬೂದುಬಣ್ಣಕ್ಕೆ ತಿರುಗಿದ ಮೇಲೂ ಆ ಪಟ್ಟಿ ಮಾತ್ರ ಹಸಿರಾಗಿಯೇ ಇರುತ್ತದೆ. ಈ ಬರಹ ಹೆಚ್ಚಾಗಿ ಆ ಪಟ್ಟಿಯ ಬಗ್ಗೆ.

ನನ್ನ ತಾಯಿಯ ತವರು ಮಾಗಡಿ ಸೀಮೆ. ಬೆಟ್ಟದ ಬುಡದಲ್ಲಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿಯ ಗುಡಿಗಳಿವೆ. ಹರಕೆ ತೀರಿಸಲು ಮನೆಯವರೆಲ್ಲ ಅಲ್ಲಿಗೆ ಹೋಗುವುದು ನನ್ನ ಬಾಲ್ಯದ ವಾಡಿಕೆಯಾಗಿತ್ತು. ಅಂಥ ಒಂದು ದಿನ, ಪೂಜೆ ಮುಗಿದು ಬುತ್ತಿ ಬಿಚ್ಚುವ ಹೊತ್ತಿನಲ್ಲಿ, ಇಷ್ಟು ದೊಡ್ಡ ಕಲ್ಲಿನ ಮೇಲೆ ಒಂದು ಮರವೂ ಬೆಳೆದಿಲ್ಲವಲ್ಲ, ಇದರಿಂದ ಏನು ಪ್ರಯೋಜನ ಎಂದು ನನ್ನ ಸೋದರಮಾವನನ್ನು ಕೇಳಿದ್ದೆ. ಮಾವ ಅನ್ನ ಕಲಸುತ್ತಲೇ, "ಬಂಡೆ ಮ್ಯಾಲೆ ಬಿದ್ದ ನೀರೆಲ್ಲ ಎಲ್ಲಿಗೋಯ್ತದೆ ಅಂದ್ಕಂಡಿದೀಯ?" ಎಂದು ಮರುಪ್ರಶ್ನೆ ಹಾಕಿ ಸುಮ್ಮನಾದ. ಅದಕ್ಕೆ ಉತ್ತರ ಹುಡುಕಬೇಕೆಂದು ಆಗ ಅನಿಸಲಿಲ್ಲ. ಮುಂದೆ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಭಾನುವಾರಗಳಲ್ಲಿ ಗೆಳೆಯರ ಜೊತೆ ಬೆಟ್ಟ ಹತ್ತಲು ಬಂದಾಗಲೂ ಅನಿಸಲಿಲ್ಲ. ಎಷ್ಟು ನಿಮಿಷದಲ್ಲಿ ತುದಿ ಮುಟ್ಟಿದೆವು ಎಂಬ ಲೆಕ್ಕ ಮಾತ್ರ ನಮಗಿತ್ತು. ಪ್ರವೇಶದ ಬಳಿ ನಿಂತ ಫಲಕದ ಮೇಲೆ ಬೆಟ್ಟದ ಹೆಸರಿನ ಮುಂದೆಯೇ ‘ರಾಜ್ಯ ಅರಣ್ಯ’ ಎಂದು ಬರೆದಿದ್ದರೂ, ಮೈಸೂರು ಸಂಸ್ಥಾನದ ಕಾಲದಿಂದ ಬಂದ ಆ ಎರಡು ಪದಗಳನ್ನು ನಾನು ಓದಿದವನೇ ಅಲ್ಲ. ನನ್ನ ಪಾಲಿಗೆ ಅದು ಬೆಟ್ಟವಾಗಿತ್ತು. ಕಾಡು ಎಂದರೆ ಬಂಡೀಪುರ, ನಾಗರಹೊಳೆಗಳೇ ಆಗಿದ್ದವು.

ಮಾವನ ಪ್ರಶ್ನೆಯನ್ನು ಮತ್ತೆ ನೆನಪಿಗೆ ತಂದದ್ದು ಒಂದು ಆಗಸ್ಟ್ ತಿಂಗಳ ಮಳೆ. ಅದನ್ನು ಹೇಳುವ ಮೊದಲು ಕಲ್ಲಿನ ವಿಷಯ ಸ್ವಲ್ಪ ಹೇಳಬೇಕು.

ಸಾವನದುರ್ಗದ ಕಲ್ಲು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಶಿಲೆ. ಕ್ಲೋಸ್‌ಪೇಟೆ ಎಂಬುದು ಇಂದಿನ ರಾಮನಗರದ ಹಿಂದಿನ ಹೆಸರು; ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಎಂಬಾತನಿಂದ ಊರಿಗೆ ಆ ಹೆಸರು ಬಂದಿತ್ತು. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ ಶಿಲಾಪಾಕವು ಮೇಲಕ್ಕೆ ನುಗ್ಗಿ, ಹೊರಗೆ ಬಾರದೆ ಒಳಗೇ ನಿಧಾನವಾಗಿ ಆರಿ ಗಟ್ಟಿಯಾದದ್ದರಿಂದ ಈ ಕಲ್ಲು ಹುಟ್ಟಿತು. ದಕ್ಷಿಣದಿಂದ ಉತ್ತರಕ್ಕೆ ರಾಜ್ಯದ ಉದ್ದಕ್ಕೂ ನೂರಾರು ಕಿಲೋಮೀಟರ್ ಹಬ್ಬಿರುವ ಒಂದು ಕಿರಿದಾದ ಪಟ್ಟಿ ಇದು. ರಾಮನಗರದ ಬೆಟ್ಟಗಳೆಲ್ಲ ಇದರ ಮೇಲೆಯೇ ನಿಂತಿವೆ. ನಿಧಾನವಾಗಿ ಆರಿದ ಕಲ್ಲಿನಲ್ಲಿ ಹರಳುಗಳಿಗೆ ದೊಡ್ಡದಾಗಿ ಬೆಳೆಯಲು ಸಮಯ ಸಿಗುತ್ತದೆ. ಸಾವನದುರ್ಗದ ಎರಡು ಗುಡ್ಡಗಳಲ್ಲಿ ಒಂದಾದ ಕರಿಗುಡ್ಡದ ಹಾದಿಯಲ್ಲಿ ಕುಳಿತು ನೋಡಿದರೆ ತಿಳಿಗುಲಾಬಿ ಬಣ್ಣದ, ಹೆಬ್ಬೆರಳ ಉಗುರಿನಷ್ಟು ದೊಡ್ಡ ಚೌಕಟ್ಟಾದ ಹರಳುಗಳು ಕಲ್ಲಿನಲ್ಲಿ ಹುದುಗಿರುವುದು ಕಾಣುತ್ತದೆ. ಅವು ಫೆಲ್ಡ್‌ಸ್ಪಾರ್ ಹರಳುಗಳು. ಮಳೆಯೂ ಬಿಸಿಲೂ ಸುತ್ತಲಿನ ನುಣುಪು ಭಾಗವನ್ನು ಸವೆಸಿರುವುದರಿಂದ ಅವು ಅಂಗೈಗೆ ಉಬ್ಬುಬ್ಬಾಗಿ ತಾಗುತ್ತವೆ. ಹತ್ತುವವರ ಬೂಟಿಗೆ ಹಿಡಿತ ಸಿಗುವುದು ಈ ಉಬ್ಬುಗಳಿಂದಲೇ.

ಮೇಲಿದ್ದ ಭಾರವೆಲ್ಲ ಸವೆದುಹೋದಾಗ ಆಳದಲ್ಲಿ ಅದುಮಿಟ್ಟಂತಿದ್ದ ಇಂಥ ಕಲ್ಲು ಹಿಗ್ಗುತ್ತದೆ; ಹಿಗ್ಗಿದಂತೆ ಮೈಗೆ ಸಮಾನಾಂತರವಾಗಿ ಈರುಳ್ಳಿಯ ಸಿಪ್ಪೆಯ ಹಾಗೆ ಪದರಪದರವಾಗಿ ಬಿಡುತ್ತದೆ. ಬೆಟ್ಟದ ಆ ಗುಮ್ಮಟದಂಥ ಬಾಗು ಬಂದದ್ದು ಹೀಗೆ. ದಾರಿಯಲ್ಲಿ ಕೆಲವು ಕಡೆ ಬಿಡಲು ಸಿದ್ಧವಾಗಿರುವ ಪದರಗಳಿವೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಇತರ ಕಡೆ ಕೇಳದ ಒಂದು ಟೊಳ್ಳು ಸದ್ದು, ಬರಿದಾದ ಗುಡಾಣದಿಂದ ಬರುವಂಥ ಸದ್ದು, ಅಲ್ಲಿ ಕೇಳುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಮೊದಲು ತೋರಿಸುವುದು ಇದನ್ನು.

ಇನ್ನೊಂದು ತೋರಿಸಬೇಕಾದದ್ದು ದೊಣೆ. ಹಾಸುಬಂಡೆಯ ತಗ್ಗುಗಳಲ್ಲಿ ನಿಂತ ಮಳೆನೀರು ಫೆಲ್ಡ್‌ಸ್ಪಾರನ್ನು ಮೆಲ್ಲಗೆ ಕೊಳೆಸಿ ಹರಳುಗಳ ಬಿಗಿಯನ್ನು ಸಡಿಲಿಸುತ್ತದೆ. ಬೇಸಿಗೆಯಲ್ಲಿ ನೀರಾರಿದಾಗ ಸಡಿಲವಾದ ಕಾಳುಗಳನ್ನು ಗಾಳಿ ಗುಡಿಸಿಹಾಕುತ್ತದೆ. ಮುಂದಿನ ಮಳೆಗೆ ತಗ್ಗು ಕೂದಲೆಳೆಯಷ್ಟು ಆಳವಾಗಿರುತ್ತದೆ. ಕರಿಗುಡ್ಡದ ಅರ್ಧ ಎತ್ತರದಲ್ಲಿ ಹಾದಿಯಿಂದ ತುಸು ಪಕ್ಕಕ್ಕೆ ಒಂದು ಸಣ್ಣ ದೊಣೆಯಿದೆ. ಉದ್ದ ಎರಡು ಮಾರು, ಅಗಲ ಒಂದು ಮಾರು. ತುಂಬಿದಾಗ ಮೊಣಕಾಲಿನವರೆಗೆ ನೀರು. ತಳದಲ್ಲಿ ಬೆರಳುದ್ದದ ಕೆಸರು, ಅದರ ಒಂದು ಮೂಲೆಯಲ್ಲಿ ಜೊಂಡಿನಂಥ ಹುಲ್ಲಿನ ಒಂದು ಗುಚ್ಛ. ಮಳೆಗಾಲದಲ್ಲಿ ಈ ನೀರಿನ ತುಂಬ ಕಪ್ಪೆಮರಿಗಳಿರುತ್ತವೆ. ನೀರು ಆರುವ ಮೊದಲು ಅವಕ್ಕೆ ಕಾಲು ಮೂಡಬೇಕು. ಮಳೆ ಎರಡು ವಾರ ಕೈಕೊಟ್ಟ ವರ್ಷ ದೊಣೆಯ ಅಂಚಿನಲ್ಲಿ ಒಣಗಿ ಕಲ್ಲಿಗಂಟಿದ ಮರಿಗಳನ್ನೂ, ಒಳ್ಳೆಯ ಮಳೆಯಾದ ವರ್ಷ ಬಾಲ ಇನ್ನೂ ಪೂರ್ತಿ ಕರಗದ ಪುಟ್ಟ ಕಪ್ಪೆಗಳು ತೇವದ ಅಂಚು ಹತ್ತುತ್ತಿರುವುದನ್ನೂ ನಾನು ನೋಡಿದ್ದೇನೆ.

ಆ ಆಗಸ್ಟಿನ ದಿನ ತುದಿಯ ನಂದಿ ಮಂಟಪದಲ್ಲಿ ಕುಳಿತಿದ್ದಾಗ ಮೋಡ ಕವಿಯಿತು. ತುಂತುರು ಬೀಳುವ ಮೊದಲೇ ಇಳಿದುಬಿಡೋಣವೆಂದು ಹೊರಟೆವು. ಆದರೆ ಮಳೆ ನಮಗಿಂತ ಮುಂಚೆ ಬಂತು. ಬಂಡೆಯ ಮೈಮೇಲೆ ಮೇಲಿನಿಂದ ಕೆಳಗಿನವರೆಗೆ ಇಳಿದಿರುವ ಕಪ್ಪು ಗೆರೆಗಳನ್ನು ದೂರದಿಂದ ನೋಡಿದವರಿಗೆಲ್ಲ ಗೊತ್ತು. ಅವು ನೀರು ಹರಿಯುವ ಜಾಡುಗಳು. ಪಾಚಿಯಂಥ ಸೂಕ್ಷ್ಮ ಜೀವಿಗಳು ಬೆಳೆದು ಒಣಗಿ ಆದ ಬಣ್ಣ ಅದು. ಒಣಗಿದ್ದಾಗ ಅವು ಉಳಿದ ಬಂಡೆಯಷ್ಟೇ ಒರಟು, ಒದ್ದೆಯಾದರೆ ಸೋಪು ಸವರಿದ ಕಲ್ಲಿನ ಹಾಗೆ. ಅದು ತಿಳಿಯದೆ ನಾನು ಒಂದು ಗೆರೆಯ ಮೇಲೆ ಕಾಲಿಟ್ಟೆ. ಏಳೆಂಟು ಅಡಿ ಜಾರಿ, ಬಂಡೆಯ ಒಂದು ಮಡಿಕೆಗೆ ಹಿಮ್ಮಡಿ ಸಿಕ್ಕಿದ್ದರಿಂದ ನಿಂತೆ. ಮೊಣಕೈಯ ಚರ್ಮ ಕಿತ್ತುಹೋಗಿತ್ತು, ಹೆಚ್ಚೇನೂ ಆಗಿರಲಿಲ್ಲ. ಆದರೆ ಮಳೆ ನಿಲ್ಲುವವರೆಗೆ ಅಲ್ಲಿಂದ ಕದಲುವ ಧೈರ್ಯ ಬರಲಿಲ್ಲ. ಮುಕ್ಕಾಲು ಗಂಟೆ ಹಾಗೆಯೇ ಬಂಡೆಗೆ ಬೆನ್ನು ಕೊಟ್ಟು ಕುಳಿತಿದ್ದೆ. ಕೆಳಗೆ ಬಂದಾಗ ಸೌತೆಕಾಯಿ, ಮಜ್ಜಿಗೆ ಮಾರುವ ಅಜ್ಜಿಯೊಬ್ಬರು ಮೊಣಕೈ ನೋಡಿ, "ಕರಿ ಗೆರೆ ಮ್ಯಾಲೆ ಕಾಲಿಕ್ಕಬ್ಯಾಡಿ ಅಂತ ಯಾರೂ ಯೋಳ್ಲಿಲ್ವಾ ಸಾಮಿ?" ಎಂದು ಕೇಳಿ ಒಂದು ಹಿಡಿ ಅರಿಶಿನ ಕೊಟ್ಟರು.

ಆ ಮುಕ್ಕಾಲು ಗಂಟೆಯಲ್ಲಿ ನನಗೆ ನೋಡಲು ಇದ್ದದ್ದು ನೀರೊಂದೇ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಒಂದು ಎಕರೆಯಷ್ಟು ಹಾಸುಬಂಡೆಯ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ 40 ಸಾವಿರ ಲೀಟರ್. ಹೊಲದಲ್ಲಾದರೆ ಇದರ ಬಹುಪಾಲು ಬಿದ್ದಲ್ಲೇ ಇಂಗುತ್ತದೆ. ಬಂಡೆಗೆ ಇಂಗಿಸಿಕೊಳ್ಳುವ ಗುಣವಿಲ್ಲ. ದೊಣೆಗಳು ತುಂಬಿ ಉಳಿದದ್ದೆಲ್ಲ ಕಪ್ಪು ಗೆರೆಗಳ ಜಾಡು ಹಿಡಿದು ಬುಡಕ್ಕೆ ಓಡುತ್ತದೆ, ಅಲ್ಲಿ ಬಂಡೆಯಿಂದಲೇ ಉದುರಿದ ಮರಳುಮಣ್ಣಿನೊಳಗೆ ಇಳಿಯುತ್ತದೆ. ಅಂದರೆ ಬುಡದಲ್ಲಿ ನಿಂತ ಮರಕ್ಕೆ ತನ್ನ ಪಾಲಿನ ಮಳೆಯ ಜೊತೆಗೆ ತನ್ನ ತಲೆಯ ಮೇಲಿನ ಅಷ್ಟೂ ಬಂಡೆಯ ಪಾಲಿನ ಮಳೆಯೂ ಸಿಗುತ್ತದೆ. ಮಾವ ಕೇಳಿದ್ದ ಪ್ರಶ್ನೆಗೆ ಉತ್ತರ ನನ್ನ ಕಾಲ ಕೆಳಗೇ ಹರಿಯುತ್ತಿತ್ತು.

ಅಂದಿನಿಂದ ನಾನು ಸಾವನದುರ್ಗಕ್ಕೆ ಹೋದಾಗಲೆಲ್ಲ ಹತ್ತುವುದಕ್ಕಿಂತ ಹೆಚ್ಚು ಹೊತ್ತನ್ನು ಬುಡದಲ್ಲಿ ಕಳೆಯುತ್ತೇನೆ. ಸುಮಾರು 27 ಚದರ ಕಿಲೋಮೀಟರ್ ಹಬ್ಬಿರುವ ಈ ಕಾಡನ್ನು ಸಸ್ಯಶಾಸ್ತ್ರಜ್ಞರು ಕ್ಷೀಣಿಸಿದ ಒಣ ಎಲೆಯುದುರುವ ಕಾಡು ಎಂದು ವರ್ಗೀಕರಿಸುತ್ತಾರೆ. ಆದರೂ ಇಲ್ಲಿ 59 ಬಗೆಯ ಮರಗಳೂ 119 ಬಗೆಯ ಪೊದೆಗಳೂ ದಾಖಲಾಗಿವೆ. ಇಲ್ಲಿನ ಮೂಲಿಕೆಗಳ ಮಹತ್ವವನ್ನು ಗುರುತಿಸಿ ಅರಣ್ಯ ಇಲಾಖೆ ಒಂದು ಭಾಗವನ್ನು ಔಷಧಿ ಸಸ್ಯಗಳ ಸಂರಕ್ಷಣಾ ಪ್ರದೇಶವಾಗಿ ಬೇರ್ಪಡಿಸಿದೆ. ರಸ್ತೆಯ ಕಡೆಯಿಂದ ಬಂಡೆಯ ಕಡೆಗೆ ನಡೆದರೆ ಕಾಡಿನ ಚಹರೆ ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ಮೊದಲು ಜಾಲಿ, ಕಾರೆ, ಬಂದರೆ, ತುಗ್ಗಲಿಯ ಕುರುಚಲು ಗಿಡಮರಗಳ ಸೀಮೆ. ಅಲ್ಲಿಂದ ಮುಂದೆ ದಿಂಡಿಗ, ಹುರುಗಲು, ಕಕ್ಕೆ, ಮುತ್ತುಗ. ನಡುನಡುವೆ ಚನ್ನಪಟ್ಟಣದ ಬೊಂಬೆಗಳಿಗೆ ಒದಗುವ ಆಲೆಮರ. ಬಂಡೆಗೆ ಹತ್ತಿರವಾದಂತೆ ಬಿದಿರ ಮೆಳೆಗಳು, ಎತ್ತರದ ಆಲ ಅತ್ತಿಗಳ ಜಾತಿಯ ಮರಗಳು, ಬಂಡೆಯ ಬಿರುಕಿಗೆ ಬೇರಿಳಿಸಿ ಅದನ್ನೇ ತಬ್ಬಿಕೊಂಡ ಬಸರಿ. ಫೆಬ್ರವರಿಯ ಕೊನೆಯಲ್ಲಿ, ಹೊರಗಿನ ಪಟ್ಟಿಯಲ್ಲಿ ಎಲೆಯೇ ಇಲ್ಲದ ಮುತ್ತುಗ ಕೆಂಡದಂತೆ ಹೂಬಿಟ್ಟಿರುವಾಗ, ಒಳಗಿನ ಪಟ್ಟಿಯ ನೆರಳಿನಲ್ಲಿ ಮಣ್ಣು ಮುಟ್ಟಿದರೆ ತಣ್ಣಗಿರುತ್ತದೆ.

ಹಳದಿ ಕೊರಳಿನ ಪಿಕಳಾರ ವಾಸಿಸುವುದು ಕಲ್ಲೂ ಪೊದೆಯೂ ಕೂಡುವ ಇಂಥ ಅಂಚಿನಲ್ಲಿಯೇ. ಊರ ತೋಟಗಳಲ್ಲಿ ಕಾಣುವ ಕೆಮ್ಮೀಸೆ ಪಿಕಳಾರಕ್ಕೆ ಇದು ನೆಂಟ. ಆದರೆ ಇದಕ್ಕೆ ಜುಟ್ಟಿಲ್ಲ, ತಲೆಯೂ ಕೊರಳೂ ಹಸಿರು ಬೆರೆತ ಹಳದಿ. ದಕ್ಷಿಣ ಭಾರತದ ಬಂಡೆ ಬೆಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಈ ಹಕ್ಕಿಯನ್ನು ಅಳಿವಿನ ಅಪಾಯಕ್ಕೆ ಒಳಗಾಗಬಹುದಾದ ಜೀವಿಗಳ ಸಾಲಿಗೆ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್ ಸೇರಿಸಿದೆ. ಬರಿಯ ಕಾಡಿದ್ದರೆ ಇದಕ್ಕೆ ಸಾಲದು, ಬರಿಯ ಕಲ್ಲಿದ್ದರೂ ಸಾಲದು. ಗುಂಡುಕಲ್ಲುಗಳ ಸಂದಿನಲ್ಲಿ ಹಣ್ಣು ಬಿಡುವ ಪೊದೆಗಳು ಬೇಕು. ಹಾಗಾಗಿಯೇ, ಜಲ್ಲಿಗಾಗಿ ಬಂಡೆ ಒಡೆಯುವ ಒಂದೊಂದು ಕ್ವಾರಿಯೂ ಇದರ ನೆಲೆಯನ್ನು ಕಿರಿದುಮಾಡುತ್ತದೆ. ನಾನು ಈ ಹಕ್ಕಿಯನ್ನು ಕಂಡದ್ದು ನಾಲ್ಕೇ ಸಲ, ನಾಲ್ಕೂ ಸಲ ಬೆಳಿಗ್ಗೆ ಎಂಟು ಗಂಟೆಯ ಒಳಗೆ. ಎತ್ತರದ ಬಂಡೆಗೋಡೆಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದುಗಳು ಈ ಸೀಮೆಯಲ್ಲಿ ಹಿಂದೆ ಸಾಮಾನ್ಯವಾಗಿದ್ದವು. ದನಗಳಿಗೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯು ಸತ್ತ ದನದ ಮಾಂಸದ ಮೂಲಕ ಅವುಗಳ ಮೂತ್ರಪಿಂಡವನ್ನು ಹಾಳುಮಾಡಿ ದೇಶದುದ್ದಕ್ಕೂ ಅವನ್ನು ಅಳಿವಿನಂಚಿಗೆ ತಂದಿತು. ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದ್ದು 2006ರಲ್ಲಿ. ಹತ್ತಿರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಸಾವನದುರ್ಗದ ಗೋಡೆಗಳ ಮೇಲೆ ಹಳೆಯ ಹಿಕ್ಕೆಯ ಬಿಳಿ ಕಲೆಗಳನ್ನು ಕಂಡಾಗಲೆಲ್ಲ ನಾನು ದುರ್ಬೀನು ಎತ್ತುತ್ತೇನೆ.

ಈ ಕಾಡಿಗೆ ಹಿಂದೊಮ್ಮೆ ಇನ್ನೊಂದು ಕೆಲಸವಿತ್ತು. ಮಾಗಡಿ ಕೆಂಪೇಗೌಡರ ವಂಶದವರ ನೆಲೆಯಾಗಿದ್ದು, 1728ರಲ್ಲಿ ಮೈಸೂರಿನ ವಶಕ್ಕೆ ಹೋದ ಈ ದುರ್ಗದ ಸುತ್ತ ಮೈಲುಗಟ್ಟಲೆ ಆಳಕ್ಕೆ ಬಿದಿರು ಮತ್ತು ಮುಳ್ಳಿನ ಕಾಡನ್ನು ಬೆಳೆಯಬಿಟ್ಟಿದ್ದರು. ತಾನಾಗಿ ಬೆಳೆದದ್ದರ ಜೊತೆಗೆ ನೆಟ್ಟು ಬೆಳೆಸಿದ್ದೂ ಇತ್ತು. 1791ರ ಡಿಸೆಂಬರಿನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನಿಂದ ಈ ಕೋಟೆಯನ್ನು ಕಸಿಯಲು ಬಂದಾಗ, ಫಿರಂಗಿಗಳನ್ನು ಬೆಟ್ಟದ ಬುಡಕ್ಕೆ ಎಳೆದು ತರಲು ಆ ಕಾಡಿನಲ್ಲಿ ಹಾದಿ ಕಡಿಯುವುದರಲ್ಲಿಯೇ ದಿನಗಳು ಹಿಡಿದವು. ಗೋಡೆ ಒಡೆದ ಮೇಲಿನ ಕೊನೆಯ ಲಗ್ಗೆ ಡಿಸೆಂಬರ್ 21ರಂದು ಸ್ವಲ್ಪ ಹೊತ್ತಿನಲ್ಲೇ ಮುಗಿಯಿತು. ಕರಿಗುಡ್ಡ ಮತ್ತು ಬಿಳಿಗುಡ್ಡಗಳ ನಡುವಿನ ಸೀಳಿನಲ್ಲಿ ಇಂದಿಗೂ ಬಿದಿರು ಒತ್ತಾಗಿದೆ. ಅಲ್ಲಿ ನಿಂತಾಗ ಕಲ್ಲಿನ ಕೋಟೆಗಿಂತ ಈ ಹಸಿರು ಕೋಟೆಯೇ ಶತ್ರುವನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿತೆಂಬುದನ್ನು ನಂಬುವುದು ಕಷ್ಟವಾಗುವುದಿಲ್ಲ.

ಹತ್ತುವವರ ಬಗ್ಗೆ ನನಗೆ ಅಸಮಾಧಾನವಿದೆಯೆಂದು ಯಾರೂ ಭಾವಿಸಬಾರದು. ಕರಿಗುಡ್ಡದ ಹಾದಿ ಒಳ್ಳೆಯ ಹಾದಿ. ಬಾಣದ ಗುರುತುಗಳನ್ನು ಹಿಡಿದು, ಒಡೆದ ಕೋಟೆಗೋಡೆಗಳನ್ನು ದಾಟಿ, ನಂದಿಯ ಮಂಟಪ ತಲುಪಿದಾಗ ಒಂದು ಕಡೆ ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯವೂ ಇನ್ನೊಂದು ಕಡೆ ಮಾಗಡಿಯ ಹೊಲಗಳೂ ಕಾಣುವ ಆ ನೋಟಕ್ಕೆ ಬೆವರು ಸುರಿಸಿದ್ದು ಸಾರ್ಥಕ. ಹಗ್ಗ ಕಟ್ಟಿ ಹತ್ತುವವರಿಗಂತೂ ಇದು ಬೇರೆಯೇ ಶಾಲೆ. ಬೆರಳು ಸಿಕ್ಕಿಸಲು ಸಂದಿಲ್ಲದ, ಹಲವು ಹಗ್ಗದುದ್ದಗಳ ಓರೆ ಬಂಡೆ. ಕೈಬಲಕ್ಕಿಂತ ಪಾದದ ಹಿಡಿತವನ್ನೂ ಮನಸ್ಸಿನ ಸ್ಥಿಮಿತವನ್ನೂ ನೆಚ್ಚಬೇಕು. ಅಲ್ಲಿನ ಹೆಸರಾದ ಹಾದಿಯೊಂದಕ್ಕೆ ‘ಬೆಳದಿಂಗಳು’ ಎಂಬ ಹೆಸರಿದೆ; ಅದನ್ನು ಹತ್ತಿದ ಗೆಳೆಯನೊಬ್ಬ, ಅಷ್ಟು ಹೊತ್ತು ಕಲ್ಲನ್ನು ಅಷ್ಟು ಹತ್ತಿರದಿಂದ ತಾನು ಎಂದೂ ನೋಡಿರಲಿಲ್ಲ ಎಂದು ಹೇಳಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಆದರೆ ಈ ಬೆಟ್ಟದ ಜೊತೆ ವ್ಯವಹರಿಸಲು ಕೆಲವು ಕ್ರಮಗಳಿವೆ, ಅವು ಯಾರೋ ಮಾಡಿದ ಕಟ್ಟಳೆಗಳಲ್ಲ. ಹತ್ತು ಗಂಟೆಯ ಮೇಲೆ ಬಂಡೆ ಕಾದ ಹೆಂಚಿನಂತಾಗುತ್ತದೆ. ಮೇಲೆ ನೆರಳಿಲ್ಲ, ದೊಣೆಯ ನೀರು ಕುಡಿಯುವಂಥದ್ದಲ್ಲ. ಗೋಡೆಗಳಲ್ಲಿ ಹೆಜ್ಜೇನಿನ ತಟ್ಟಿಗಳು ತೂಗುತ್ತಿರುತ್ತವೆ. ಹೊಗೆಗೆ, ಎಸೆದ ಕಲ್ಲಿಗೆ, ಕೆಲವೊಮ್ಮೆ ಗಾಢವಾದ ಸುಗಂಧಕ್ಕೂ ಅವು ಏಳುತ್ತವೆ, ಎದ್ದರೆ ತೆರೆದ ಬಂಡೆಯ ಮೇಲೆ ಅಡಗಲು ಜಾಗವಿಲ್ಲ. ಕಾಡಿನಲ್ಲಿ ಕರಡಿ, ಚಿರತೆಗಳಿವೆ. ಮಂಚನಬೆಲೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಇಳಿಯಬಾರದು. ಅಲ್ಲಿ ಮುಳುಗಿದ ಹುಡುಗರ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆಮತ್ತೆ ಓದುತ್ತಲೇ ಇದ್ದೇವೆ.

ನನ್ನನ್ನು ನಿಜವಾಗಿ ನೋಯಿಸುವುದು ಬೆಂಕಿ. ಫೆಬ್ರವರಿ, ಮಾರ್ಚಿನಲ್ಲಿ ಒಣಗಿದ ಹುಲ್ಲು ಮತ್ತು ಲಂಟಾನಕ್ಕೆ ಬೀಡಿಯ ಒಂದು ತುಂಡು ಸಾಕು. ಎರಡು ವರ್ಷಗಳ ಹಿಂದೆ ಹೊರಪಟ್ಟಿಯ ಒಂದು ಭಾಗ ಸುಟ್ಟ ವಾರದಲ್ಲಿಯೇ ಹೋಗಿದ್ದೆ. ಕಾಲಿಟ್ಟಲ್ಲೆಲ್ಲ ಬೂದಿ ಏಳುತ್ತಿತ್ತು. ಸುಟ್ಟ ಆಮೆಯ ಚಿಪ್ಪೊಂದು ಕಾರೆ ಗಿಡದ ಬುಡದಲ್ಲಿ ಬಿದ್ದಿತ್ತು. ಲಂಟಾನವನ್ನು ಕಿತ್ತುಹಾಕಿದರೆ ಎಲ್ಲ ಸರಿಹೋಗುತ್ತದೆಂಬ ಮಾತೂ ಅಷ್ಟು ಸುಲಭವಲ್ಲ. ಅದು ಬೆಂಕಿಯನ್ನು ಮರದ ತಲೆಗೆ ಏರಿಸುವ ಕಳೆ ಎಂಬುದು ನಿಜ. ಆದರೆ ಅದರ ಹಣ್ಣನ್ನು ಪಿಕಳಾರಗಳು ತಿನ್ನುತ್ತವೆ, ಅದರ ಮೆಳೆಯಲ್ಲಿ ಕರಡಿ ಹಗಲು ಕಳೆಯುತ್ತದೆ. ಕೀಳುವುದಾದರೆ ಸ್ವಲ್ಪಸ್ವಲ್ಪವೇ ಕಿತ್ತು, ಆ ಜಾಗದಲ್ಲಿ ಕಾರೆಯೋ ಕವಳಿಯೋ ಹಣ್ಣಿಗೆ ಬರುವವರೆಗೆ ಕಾಯಬೇಕು.

ಜನರನ್ನೇ ಬಿಡಬಾರದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನೂರಾರು ವರ್ಷಗಳಿಂದ ಹರಕೆಯವರು, ದನ ಕಾಯುವವರು, ಬೆಟ್ಟದ ಬುಡದ ದರ್ಗಾಕ್ಕೆ ಬರುವವರು ಓಡಾಡಿದ ಜಾಗ ಇದು. ಈಚೆಗೆ ಚಾರಣಕ್ಕೆ ಆನ್‌ಲೈನಿನಲ್ಲಿ ಮೊದಲೇ ಹೆಸರು ನೋಂದಾಯಿಸುವ ವ್ಯವಸ್ಥೆಯನ್ನು ಅರಣ್ಯ ಇಲಾಖೆ ತಂದಿರುವುದು ಒಳ್ಳೆಯದೇ. ಆದರೆ ಬಂದವರೆಲ್ಲರೂ ಒಂದೇ ಹಾದಿಯಲ್ಲಿ ಒಂದೇ ತುದಿಗೆ ಏರಿ, ಅದೇ ಮಂಟಪದ ಕಲ್ಲಿನ ಮೇಲೆ ಹೆಸರು ಗೀಚಿ ಇಳಿಯುವಂತಾದರೆ, ಎಣಿಕೆ ಎಷ್ಟೇ ಕಡಿಮೆಯಾದರೂ ಆ ಒಂದು ಹಾದಿ ಸವೆಯುತ್ತದೆ. ಬಂಡೆಯ ಬುಡದ ಒಂದು ತುಣುಕಿನಲ್ಲಾದರೂ, ಸುತ್ತಲಿನ ಹಳ್ಳಿಗಳ ಹುಡುಗರನ್ನೇ ಮಾರ್ಗದರ್ಶಕರನ್ನಾಗಿ ಮಾಡಿ, ಬೆಳಗಿನ ಎರಡು ಗಂಟೆ ನಿಧಾನವಾಗಿ ನಡೆಸುವ ಹಾದಿಯೊಂದು ಆಗಬೇಕೆಂಬುದು ನನ್ನ ಆಸೆ. ದಿಂಡಿಗ ಯಾವುದು, ಹುರುಗಲು ಯಾವುದು ಎಂದು ಆ ಹುಡುಗರಿಗೆ ಹೇಳಿಕೊಡಬೇಕಾಗಿಲ್ಲ.

ಕಳೆದ ನವೆಂಬರಿನಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ದೊಣೆಯವರೆಗೆ ಮಾತ್ರ ಹತ್ತಿದೆವು. ನೀರು ಗೇಣಿನಷ್ಟಕ್ಕೆ ಇಳಿದಿತ್ತು; ಆರುತ್ತ ಬಂದ ಒಂದೊಂದು ವಾರಕ್ಕೂ ಒಂದೊಂದರಂತೆ ಅಂಚಿನ ಕಲ್ಲಿನ ಮೇಲೆ ತೆಳು ಬಿಳಿ ಬಳೆಗಳು ಉಳಿದಿದ್ದವು. ಅವಳು ಹೊಟ್ಟೆಯಡಿಯಾಗಿ ಮಲಗಿ ಒಂದು, ಎರಡು ಎಂದು ಅವನ್ನು ಎಣಿಸತೊಡಗಿದಳು. ಕೊನೆಯ ಬಳೆಯ ಹತ್ತಿರ ಬಾಲ ಕರಗದ ಕಪ್ಪೆಯೊಂದು ತೇವದ ಕಲ್ಲಿಗೆ ಅಂಟಿಕೊಂಡು ಕುಳಿತಿತ್ತು. "ಅಪ್ಪ, ಇದು ಇಲ್ಲಿಂದ ಕೆಳಗೆ ಹೇಗೆ ಹೋಗುತ್ತೆ?" ಎಂದಳು. ಮುಂದಿನ ಮಳೆಯಲ್ಲಿ ನೀರಿನ ಜೊತೆಗೆ ಇಳಿಯಬಹುದೆಂದು ಹೇಳಿ, ಅಲ್ಲಿಂದ ಕೆಳಕ್ಕೆ ಹೋಗುವ ಕರಿ ಗೆರೆಯನ್ನು ಅವಳಿಗೆ ತೋರಿಸಿದೆ. ಗೆರೆ ಬಂಡೆಯ ಬಾಗಿನಲ್ಲಿ ಕಣ್ಮರೆಯಾಗುವ ಜಾಗದಿಂದ ಕೆಳಗೆ ಬಿದಿರ ತುದಿಗಳು ಮಾತ್ರ ಕಾಣುತ್ತಿದ್ದವು.